ದ ಜಾಮ್ ಹಾಡುಗಳನ್ನು ಈಗ ಲೈವ್ ಕೇಳಬೇಕಾದರೆ ಯಾವ ಟಿಕೆಟ್ ತಗೋಬೇಕು?

ಇಂಗ್ಲೆಂಡಿನ ಮೂರು ಜನರ ರಾಕ್ ಬ್ಯಾಂಡ್ ದ ಜಾಮ್ ತನ್ನ ಕೊನೆಯ ಶೋ ಕೊಟ್ಟದ್ದು 1982ರ ಡಿಸೆಂಬರ್ 11ರಂದು, ಬ್ರೈಟನ್ ಸೆಂಟರ್‌ನಲ್ಲಿ. ಆಮೇಲೆ ಆ ಮೂವರು ಒಟ್ಟಿಗೆ ವೇದಿಕೆ ಹತ್ತಲೇ ಇಲ್ಲ. ಇನ್ನು ಹತ್ತುವುದೂ ಇಲ್ಲ. ಡ್ರಮ್ಮರ್ ರಿಕ್ ಬಕ್ಲರ್ 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಆದರೆ ಹಾಡುಗಳು ಮಾತ್ರ ಸುಮ್ಮನಾಗಿಲ್ಲ. ಇಂಗ್ಲೆಂಡಿನ ಯಾವುದಾದರೂ ಊರಿನಲ್ಲಿ ಶನಿವಾರ ರಾತ್ರಿ ಯಾರಾದರೂ ಒಬ್ಬರು ಅವುಗಳನ್ನು ಜೋರಾಗಿ ನುಡಿಸುತ್ತಲೇ ಇರುತ್ತಾರೆ.

ಗೊಂದಲ ಶುರುವಾಗುವುದು ಇಲ್ಲೇ. ಲಂಡನ್, ರೆಡಿಂಗ್ ಕಡೆ ಇರುವ ನಮ್ಮವರು, ಆಫೀಸ್ ಕೆಲಸದ ಮೇಲೆ ಒಂದೆರಡು ವಾರಕ್ಕೆ ಹೋಗುವವರು, ಈ ಹಾಡುಗಳನ್ನು ಫೋನಿನಲ್ಲೇ ಕೇಳಿ ಹುಚ್ಚು ಹಿಡಿಸಿಕೊಂಡ ಬೆಂಗಳೂರಿನವರು, ಎಲ್ಲರದೂ ಒಂದೇ ಪ್ರಶ್ನೆ. ಹಾಡು ಬರೆದ ಪಾಲ್ ವೆಲ್ಲರ್ ಶೋಗೆ ಹೋಗೋದಾ? ಬಾಸ್ ಗಿಟಾರ್ ನುಡಿಸಿದ ಬ್ರೂಸ್ ಫಾಕ್ಸ್‌ಟನ್ ಕಟ್ಟಿ ಬೆಳೆಸಿದ ‘ಫ್ರಮ್ ದ ಜಾಮ್’ಗಾ? ಜಾಮ್ ಹಾಡುಗಳನ್ನು ಹಾಗೇ ಅನುಕರಿಸಿ ನುಡಿಸುವ, ಕಡಿಮೆ ದುಡ್ಡಿನ ಟ್ರಿಬ್ಯೂಟ್ ಬ್ಯಾಂಡಿಗಾ? ಇಲ್ಲಾ, ದುಡ್ಡು ಉಳಿಸಿ ಹಳೆಯ ಲೈವ್ ರೆಕಾರ್ಡಿಂಗ್ ಕೊಂಡುಬಿಡೋದಾ? ನಾಲ್ಕಕ್ಕೂ ಒಳ್ಳೆಯ ಕಾರಣಗಳಿವೆ. ಬರೆದವರು, ಪೂರ್ತಿ ಹಾಡುಗಳು, ಹಳೆಯ ಸದ್ದು ಈ ಮೂರೂ ಒಂದೇ ಟಿಕೆಟ್‌ನಲ್ಲಿ ಸಿಗುವುದಿಲ್ಲ. ಯಾವುದನ್ನು ಬಿಟ್ಟುಕೊಡಲು ನೀವು ತಯಾರು ಅನ್ನುವುದನ್ನು ಮೊದಲು ನೋಡಿಕೊಳ್ಳಬೇಕು.

ಹೊಸಬರಿಗಾಗಿ ಎರಡು ಮಾತು. ಲಂಡನ್ ವಾಟರ್‌ಲೂ ಸ್ಟೇಷನ್‌ನಿಂದ ರೈಲಿನಲ್ಲಿ ಅರ್ಧ ಗಂಟೆ ದೂರದ ವೋಕಿಂಗ್ ಇವರ ಊರು. 1972ರಲ್ಲಿ ಶಾಲಾ ಹುಡುಗರ ಬ್ಯಾಂಡ್ ಆಗಿ ಶುರುವಾಯಿತು. ಮ್ಯಾನೇಜರ್ ಬೇರೆ ಯಾರೂ ಅಲ್ಲ, ವೆಲ್ಲರ್ ಅವರ ಅಪ್ಪ ಜಾನ್. 1977ರಲ್ಲಿ ಪಾಲಿಡೋರ್ ರೆಕಾರ್ಡ್ ಕಂಪನಿ ಇವರನ್ನು ಸೇರಿಸಿಕೊಂಡಿತು. ಆಗ ಪಂಕ್, ಅಂದರೆ ಒರಟು ಬಂಡಾಯದ ರಾಕ್, ಮೆರೆಯುತ್ತಿದ್ದ ಕಾಲ. ಉಳಿದವರೆಲ್ಲ ಹರಿದ ಬಟ್ಟೆ, ಸೇಫ್ಟಿ ಪಿನ್ ಹಾಕಿಕೊಂಡು ಬಂದರೆ ಇವರು ಕಪ್ಪು ಸೂಟ್, ಕಪ್ಪು ಟೈ ಹಾಕಿ ನಿಂತರು. ಪಂಕ್‌ನ ವೇಗ ಮತ್ತು ಸಿಟ್ಟು, ಅರವತ್ತರ ದಶಕದ ‘ಮಾಡ್’ ಅನ್ನಿಸಿಕೊಂಡ ಶೋಕಿ ಹುಡುಗರ ಠೀವಿ, ದ ಹೂ ಬ್ಯಾಂಡಿನ ಗಿಟಾರ್, ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಹಾಡುಗಳ ತಾಳ ಎಲ್ಲ ಸೇರಿ ಇವರ ಸಂಗೀತ ಆಯಿತು. ಐದು ವರ್ಷ ತುಂಬುವುದರೊಳಗೆ ಆರು ಆಲ್ಬಮ್, ನಾಲ್ಕು ನಂಬರ್ ಒನ್ ಸಿಂಗಲ್. ಇನ್ನೂ ಮೇಲೇರುತ್ತಿದ್ದಾಗಲೇ, 24ನೇ ವಯಸ್ಸಿಗೆ, ವೆಲ್ಲರ್ ಸಾಕು ಅಂದುಬಿಟ್ಟರು. ಅಭಿಮಾನಿಗಳ ಹಸಿವು ಹಾಗೇ ಉಳಿಯಿತು. ಇಂದಿನ ಶೋಗಳೆಲ್ಲ ನಡೆಯುತ್ತಿರುವುದು ಆ ಹಸಿವಿನ ಮೇಲೆಯೇ.

ಏನೇನು ನೋಡಿ ಅಳೆಯಬೇಕು

ವೇದಿಕೆ ಮೇಲೆ ಯಾರಿದ್ದಾರೆ ಅನ್ನುವುದು ಮೊದಲ ಪ್ರಶ್ನೆ. ಕೆಲವರಿಗೆ ಇದೇ ಎಲ್ಲ. ಮೂಲ ಬ್ಯಾಂಡಿನ ಒಬ್ಬರಾದರೂ ಇಲ್ಲದಿದ್ದರೆ ಅವರಿಗೆ ಅದು ಬರೀ ನಕಲು.

ಎರಡನೆಯದು ಎಷ್ಟು ಜಾಮ್ ಹಾಡು ಸಿಗುತ್ತದೆ ಅನ್ನುವುದು. ಇದರಲ್ಲಿ ಆಯ್ಕೆಗಳ ನಡುವೆ ಅಜಗಜಾಂತರ ಇದೆ. ಟಿಕೆಟ್ ತಗೊಂಡವರು ಜಾಸ್ತಿ ಬೇಸರ ಪಟ್ಟುಕೊಳ್ಳುವುದೂ ಇಲ್ಲೇ.

ಮೂರನೆಯದು ಸದ್ದು. ಇಲ್ಲಿ ಸ್ವಲ್ಪ ನಿಲ್ಲಬೇಕು. ದ ಜಾಮ್ ಬರೀ ಮೂರು ಜನರ ಬ್ಯಾಂಡ್. ಒಂದು ಗಿಟಾರ್, ಒಂದು ಬಾಸ್, ಒಂದು ಡ್ರಮ್ ಸೆಟ್. ವೆಲ್ಲರ್ ತಮ್ಮ ರಿಕನ್‌ಬ್ಯಾಕರ್ ಗಿಟಾರಿನಲ್ಲಿ ಕಾರ್ಡ್‌ಗಳನ್ನು ಕಡಿದು ಕಡಿದು ಬಾರಿಸುತ್ತಾ ಹಾಡುತ್ತಿದ್ದರು. ಹಾಗಾಗಿ ರಾಗ ಎಳೆದುಕೊಂಡು ಹೋಗುವ ಕೆಲಸ ಬಾಸ್ ಮೇಲೆ ಬೀಳುತ್ತಿತ್ತು. 1978ರ ‘ಡೌನ್ ಇನ್ ದ ಟ್ಯೂಬ್ ಸ್ಟೇಷನ್ ಅಟ್ ಮಿಡ್‌ನೈಟ್’ ಹಾಕಿ ನೋಡಿ. ಕರ್ರಿ ಊಟದ ಪಾರ್ಸಲ್ ಕಟ್ಟಿಸಿಕೊಂಡು ಹೆಂಡತಿ ಇರುವ ಮನೆಗೆ ಹೊರಟವನೊಬ್ಬ ಸ್ಟೇಷನ್‌ನಲ್ಲಿ ಪುಂಡರ ಕೈಗೆ ಸಿಕ್ಕಿ ಏಟು ತಿನ್ನುವ ಕಥೆ ಅದು. ರೈಲಿನ ಸದ್ದು ಬರುತ್ತದೆ, ಡ್ರಮ್ ಸೆಟ್ಟಿನ ಜೋಡಿ ತಾಳ ಹೈ-ಹ್ಯಾಟ್ ಟಿಕಟಿಕ ಅನ್ನುತ್ತದೆ, ಅದರ ಕೆಳಗೆ ಬಾಸ್ ಓಡತೊಡಗುತ್ತದೆ. ಹಾಡಿನ ಭಯ ಇರುವುದು ಆ ಓಟದಲ್ಲಿ. ಗಿಟಾರ್ ಬಂದು ಹೋಗುತ್ತದೆ, ಬಾಸ್ ನಿಲ್ಲುವುದಿಲ್ಲ. ಜಾಮ್ ಹಾಡು ನುಡಿಸುವ ಯಾವ ಬ್ಯಾಂಡನ್ನಾದರೂ ನಾನು ಅಳೆಯುವುದು ಇದರಿಂದಲೇ. ಹಾಡುವವನ ದನಿ ವೆಲ್ಲರ್ ಥರ ಇಲ್ಲದಿದ್ದರೂ ಪರವಾಗಿಲ್ಲ. ಬಾಸ್ ಹಿಂದೆ ಎಲ್ಲೋ ಗುಂಯ್ ಅನ್ನುತ್ತಾ ಉಳಿದರೆ ಅಲ್ಲಿಗೆ ಮುಗಿಯಿತು.

ನಾಲ್ಕನೆಯದು ಹಾಲ್. ಸೀಟಿನಲ್ಲಿ ಕೂತು ಕೇಳುವ ದೊಡ್ಡ ಹಾಲೋ, ನಿಂತು ಕುಣಿಯುವ ಚಿಕ್ಕ ಹಾಲೋ? ಕೊನೆಯದು ಖರ್ಚು. ಟಿಕೆಟ್ ಮಾತ್ರ ಲೆಕ್ಕ ಹಾಕಬೇಡಿ. ಬುಕಿಂಗ್ ಫೀ, ರೈಲು, ಕೊನೆಯ ರೈಲು ತಪ್ಪಿದರೆ ಟ್ಯಾಕ್ಸಿ, ಒಂದೆರಡು ಬಿಯರ್ ಎಲ್ಲ ಸೇರಿ ಎರಡರಷ್ಟಾಗುತ್ತದೆ.

ಪಾಲ್ ವೆಲ್ಲರ್: ಬರೆದವರೇ ಹಾಡಿದರೆ

ಮೇಲ್ನೋಟಕ್ಕೆ ಇದೇ ಸರಿ ಅನ್ನಿಸುತ್ತದೆ ಅಲ್ವಾ? ಹಾಡು ಬರೆದವರು, ಹಾಡಿದವರು, ಈಗಲೂ ಹಾಡುತ್ತಿರುವವರು. ಆದರೆ ಲೆಕ್ಕ ನೋಡಿ. ಅವರು ದ ಜಾಮ್ ಆಗಿ ರೆಕಾರ್ಡ್ ಮಾಡಿದ್ದು 1977ರಿಂದ 1982ರವರೆಗೆ. 1983ರಿಂದ 1989ರವರೆಗೆ ಸ್ಟೈಲ್ ಕೌನ್ಸಿಲ್ ಅನ್ನುವ ಇನ್ನೊಂದು ಬ್ಯಾಂಡ್. ಅಲ್ಲಿಂದ ಇಲ್ಲಿವರೆಗೆ ಒಬ್ಬರೇ. 2024ರಲ್ಲಿ, 66 ತುಂಬುವ ಹಿಂದಿನ ದಿನ, ‘66’ ಅನ್ನುವ ಹೆಸರಿನಲ್ಲೇ ಹೊಸ ಆಲ್ಬಮ್ ತಂದರು. ಇಷ್ಟೆಲ್ಲ ಸರಕು ಇರುವಾಗ ಶೋನಲ್ಲಿ ಹಳೆಯ ಐದು ವರ್ಷಕ್ಕೆ ಎಷ್ಟು ಜಾಗ ಸಿಗಬಹುದು? ಬಾಳೆಎಲೆಯ ತುದಿಯಲ್ಲಿ ಬಡಿಸಿದ ಉಪ್ಪಿನಕಾಯಿಯಷ್ಟು. ‘ಸ್ಟಾರ್ಟ್!’, ‘ದಟ್ಸ್ ಎಂಟರ್‌ಟೇನ್‌ಮೆಂಟ್’, ಕೊನೆಗೆ ‘ಟೌನ್ ಕಾಲ್ಡ್ ಮ್ಯಾಲಿಸ್’, ಹೀಗೆ ಕೆಲವು. ಎಲ್ಲ ರಾತ್ರಿಯೂ ಇಷ್ಟೇ ಸಿಗುತ್ತದೆ ಅನ್ನುವ ಖಾತ್ರಿಯೂ ಇಲ್ಲ.

ಸದ್ದೂ ಬೇರೆ. ಇತ್ತೀಚಿನ ವರ್ಷಗಳಲ್ಲಿ ಅವರ ಜೊತೆ ನುಡಿಸುವುದು ದೊಡ್ಡ ತಂಡ. ಕೀಬೋರ್ಡ್, ಎರಡನೇ ಗಿಟಾರ್, ಎಷ್ಟೋ ಸಲ ಇಬ್ಬರು ಡ್ರಮ್ಮರ್. ದನಿ ಮಾಗಿದೆ, ಕಪ್ಪು ಅಮೆರಿಕನ್ನರ ಭಾವ ತುಂಬಿದ ಸೋಲ್ ಸಂಗೀತದ ಕಡೆಗೆ ವಾಲಿದೆ. ಇಪ್ಪತ್ತರ ಹುಡುಗನ ಸಿಟ್ಟನ್ನು ಹುಡುಕಿಕೊಂಡು ಹೋದರೆ ಸಿಗುವುದಿಲ್ಲ. ಅವರೂ ಅದನ್ನು ಕೊಡುತ್ತೇನೆ ಅಂತ ಯಾವತ್ತೂ ಹೇಳಿಲ್ಲ ಬಿಡಿ. ಜಾಮ್ ಮತ್ತೆ ಒಂದಾಗಲಿ ಅಂತ ಕೇಳಿದಾಗಲೆಲ್ಲ ಕಡ್ಡಿ ಮುರಿದ ಹಾಗೆ ಇಲ್ಲ ಅಂದವರು ಅವರು. ನನಗೆ ಆ ಹಟ ಇಷ್ಟವೇ. ಅದರಿಂದಲೇ ‘ವೈಲ್ಡ್ ವುಡ್’, ‘ಸ್ಟಾನ್ಲಿ ರೋಡ್’ನಂಥ ಆಲ್ಬಮ್‌ಗಳು ಬಂದವು.

ನಾಲ್ಕರಲ್ಲಿ ದುಬಾರಿ ಇದೇ. ದೊಡ್ಡ ಹಾಲ್‌ನಲ್ಲಿ ಒಳ್ಳೆಯ ಜಾಗ ಬೇಕೆಂದರೆ 50 ಪೌಂಡ್ ಮೇಲೆಯೇ ಹಿಡಿದುಕೊಳ್ಳಿ. ಬೇಸಿಗೆಯಲ್ಲಿ ಹೊರಾಂಗಣ ಶೋಗಳೂ ಇರುತ್ತವೆ. ಕಾಡಿನ ನಡುವೆ ನಡೆಯುವ ‘ಫಾರೆಸ್ಟ್ ಲೈವ್’ ಸರಣಿಯಲ್ಲೂ ಅವರು ಹಾಡಿದ್ದಾರೆ. ಜಾಮ್ ಅಂದರೆ ಏನು ಅಂತಲೇ ಗೊತ್ತಿಲ್ಲದ ಹೆಂಡತಿಯನ್ನೋ ಗಂಡನನ್ನೋ ಕರೆದುಕೊಂಡು ಹೋಗುವುದಿದ್ದರೆ ಹೊರಾಂಗಣದ ಸಂಜೆಯೇ ವಾಸಿ. ಅವರಿಗೆ ‘ಯು ಡೂ ಸಮ್‌ಥಿಂಗ್ ಟು ಮಿ’ ಹಿಡಿಸುತ್ತದೆ, ನಿಮಗೆ ಕೊನೆಯ ಹತ್ತು ನಿಮಿಷ.

ಫ್ರಮ್ ದ ಜಾಮ್: ಪೂರ್ತಿ ಹಾಡುಗಳು, ಅರ್ಧ ಬ್ಯಾಂಡ್

ಇದರ ಕಥೆ ಸ್ವಲ್ಪ ತಿರುವುಮುರುವು. ಮೊದಲು ಶುರು ಮಾಡಿದ್ದು ಬಕ್ಲರ್. 2005ರಲ್ಲಿ ‘ದ ಗಿಫ್ಟ್’ ಅನ್ನುವ ಬ್ಯಾಂಡ್ ಕಟ್ಟಿ, ರಸೆಲ್ ಹೇಸ್ಟಿಂಗ್ಸ್ ಅವರನ್ನು ಹಾಡಲು ಕರೆದುಕೊಂಡು ಜಾಮ್ ಹಾಡುಗಳನ್ನು ನುಡಿಸತೊಡಗಿದರು. ಆಗಿನ್ನೂ ಫಾಕ್ಸ್‌ಟನ್ ಬೇರೆ ಕಡೆ ಇದ್ದರು. ಅವರು ವರ್ಷಗಟ್ಟಲೆ ಸ್ಟಿಫ್ ಲಿಟಲ್ ಫಿಂಗರ್ಸ್ ಬ್ಯಾಂಡಿಗೆ ಬಾಸ್ ನುಡಿಸಿದವರು. ಅಲ್ಲಿಂದ ಬಿಟ್ಟು ಬಂದು ಬಕ್ಲರ್ ಜೊತೆ ಸೇರಿದಾಗ ಹೆಸರು ‘ಫ್ರಮ್ ದ ಜಾಮ್’ ಆಯಿತು. ಮೂವರಲ್ಲಿ ಇಬ್ಬರು ಒಂದೇ ವೇದಿಕೆ ಮೇಲೆ! 2007ರ ಸುಮಾರಿಗೆ ಟಿಕೆಟ್ ಸಿಕ್ಕವರು ಪುಣ್ಯವಂತರು. 2009ರಲ್ಲಿ ಬಕ್ಲರ್ ಹೊರಟುಹೋದರು. ಅಲ್ಲಿಂದ ಮುಂದೆ ಫಾಕ್ಸ್‌ಟನ್ ಮತ್ತು ಹೇಸ್ಟಿಂಗ್ಸ್ ಸೇರಿ ಬ್ಯಾಂಡ್ ನಡೆಸಿಕೊಂಡು ಬಂದರು.

ಈ ಶೋನಲ್ಲಿ ನೀವು ಕೇಳುವುದು ಬರೀ ಜಾಮ್ ಹಾಡುಗಳು ಅಂದರೂ ನಡೆಯುತ್ತದೆ. ‘ಗೋಯಿಂಗ್ ಅಂಡರ್‌ಗ್ರೌಂಡ್’, ‘ಈಟನ್ ರೈಫಲ್ಸ್’, ‘ಡೇವಿಡ್ ವಾಟ್ಸ್’ ಸಾಲಾಗಿ ಬರುತ್ತವೆ. ಕೆಲವು ಟೂರ್‌ಗಳಲ್ಲಿ ‘ಆಲ್ ಮಾಡ್ ಕಾನ್ಸ್’, ‘ಸೆಟ್ಟಿಂಗ್ ಸನ್ಸ್’ನಂಥ ಆಲ್ಬಮ್ ಒಂದನ್ನು ಪೂರ್ತಿಯಾಗಿ ನುಡಿಸಿದ್ದೂ ಇದೆ. ಇದು ಬಹಳ ಮುಖ್ಯ. ಹಿಟ್ ಹಾಡುಗಳನ್ನು ಯಾರು ಬೇಕಾದರೂ ನುಡಿಸುತ್ತಾರೆ. ಆಲ್ಬಮ್ಮಿನ ಎರಡನೇ ಬದಿಯಲ್ಲಿ ಮೂಲೆಗೆ ಬಿದ್ದ ಹಾಡುಗಳನ್ನು ಲೈವ್ ಕೇಳಬೇಕೆಂದರೆ ಇಂಥ ಟೂರ್‌ಗೇ ಕಾಯಬೇಕು. ವೆಲ್ಲರ್ ಅವನ್ನು ಮುಟ್ಟುವುದು ಅಪರೂಪ.

ಇನ್ನೊಂದು ಲಾಭ, ಫಾಕ್ಸ್‌ಟನ್ ಬರೆದ ಹಾಡುಗಳು. ‘ನ್ಯೂಸ್ ಆಫ್ ದ ವರ್ಲ್ಡ್’ ಬರೆದು ಹಾಡಿದವರು ಅವರೇ. ‘ಸ್ಮಿದರ್ಸ್-ಜೋನ್ಸ್’ ಕೂಡ ಅವರದೇ. ಸೂಟ್ ಹಾಕಿಕೊಂಡು, ಟೈಮಿಗೆ ಸರಿಯಾಗಿ ವಾಟರ್‌ಲೂ ರೈಲು ಹತ್ತಿ ನಿಯತ್ತಾಗಿ ಆಫೀಸಿಗೆ ಹೋಗುವ ಒಬ್ಬ ನೌಕರ. ಸೋಮವಾರ ಮೇಲಧಿಕಾರಿ ಕರೆಸುತ್ತಾನೆ, ಕೆಲಸ ಹೋಗುತ್ತದೆ. 1979ರ ಹಾಡು. ಲೇಆಫ್ ಮೇಲ್ ನೋಡಿದ ನಮ್ಮ ಐಟಿ ಮಂದಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ತಕರಾರು. ಹೇಸ್ಟಿಂಗ್ಸ್ ವೆಲ್ಲರ್ ಅಲ್ಲ. ದನಿ ಹತ್ತಿರಕ್ಕೆ ಬರುತ್ತದೆ, ಎಷ್ಟು ಹತ್ತಿರ ಅಂದರೆ ಕೆಲವರಿಗೆ ಅದೇ ಕಿರಿಕಿರಿ. ಕಣ್ಣು ಮುಚ್ಚಿದರೆ 1979, ಕಣ್ಣು ಬಿಟ್ಟರೆ ಬೇರೆ ಯಾರೋ. ಇದನ್ನು ಒಪ್ಪಿಕೊಳ್ಳಲಾಗದವರು ಹೋಗದಿರುವುದೇ ಒಳ್ಳೆಯದು. ಎರಡನೆಯದು ಇನ್ನೂ ಗಂಭೀರ. ಫಾಕ್ಸ್‌ಟನ್ ಹುಟ್ಟಿದ್ದು 1955ರಲ್ಲಿ. ಆರೋಗ್ಯ ಸರಿ ಇಲ್ಲದೆ ಅವರು ಬಾರದ ಶೋಗಳೂ ಆಗಿಹೋಗಿವೆ. ಆದ್ದರಿಂದ ಹಳೆಯ ವಿಡಿಯೊ ನೋಡಿ ಟಿಕೆಟ್ ಕೊಳ್ಳಬೇಡಿ. ನೀವು ಹೋಗುವ ದಿನ ಬಾಸ್ ಹಿಡಿಯುವವರು ಯಾರು ಅಂತ ಆ ಟೂರ್‌ನ ಪ್ರಕಟಣೆಯಲ್ಲೇ ಓದಿಕೊಳ್ಳಿ. ಅವರಿಲ್ಲದಿದ್ದರೆ ಇದು ಮೂಲ ಸದಸ್ಯರೇ ಇಲ್ಲದ, ಆದರೆ ತುಂಬಾ ಪಳಗಿದ ಟ್ರಿಬ್ಯೂಟ್ ಬ್ಯಾಂಡ್. ಆಗ ಕೊಡುವ ದುಡ್ಡನ್ನು ಆ ಲೆಕ್ಕದಲ್ಲೇ ತೂಗಬೇಕು.

ಟಿಕೆಟ್ ಹೆಚ್ಚುಕಡಿಮೆ 30 ಪೌಂಡ್ ಆಸುಪಾಸು. ಹಾಲ್‌ಗಳು ಮಧ್ಯಮ ಗಾತ್ರದವು, ಬಹುತೇಕ ನಿಂತು ನೋಡುವಂಥವು. ಜನ ಐವತ್ತು ಅರವತ್ತು ದಾಟಿದವರೇ ಜಾಸ್ತಿ. ಫ್ರೆಡ್ ಪೆರಿ ಶರ್ಟ್, ಪಾರ್ಕಾ ಕೋಟ್, ಎದೆ ಮೇಲೆ ಕೆಂಪು-ಬಿಳಿ-ನೀಲಿ ಟಾರ್ಗೆಟ್ ಬ್ಯಾಡ್ಜ್. ಮೊದಲ ಹಾಡಿಗೇ ಬಿಯರ್ ಗ್ಲಾಸ್ ಮೇಲಕ್ಕೆ ಹೋಗುತ್ತದೆ. ಒಳ್ಳೆಯ ಶೂ ಹಾಕಿಕೊಂಡು ಮುಂದಿನ ಸಾಲಿಗೆ ಹೋಗಬೇಡಿ. ಕಿವಿಗೆ ಇಯರ್‌ಪ್ಲಗ್ ಇರಲಿ.

ಟ್ರಿಬ್ಯೂಟ್ ಬ್ಯಾಂಡ್‌ಗಳು

‘ದ ಜ್ಯಾಮ್ಡ್’, ‘ಎ ಬ್ಯಾಂಡ್ ಕಾಲ್ಡ್ ಮ್ಯಾಲಿಸ್’ ಹೀಗೆ ಹಲವು ಇವೆ. ಪಬ್, ಸೋಶಿಯಲ್ ಕ್ಲಬ್, ಊರಿನ ಚಿಕ್ಕ ಥಿಯೇಟರ್‌ಗಳಲ್ಲಿ ನುಡಿಸುತ್ತಾರೆ. 15ರಿಂದ 25 ಪೌಂಡ್ ಒಳಗೆ ಮುಗಿಯುತ್ತದೆ. ಪಬ್‌ನಲ್ಲಾದರೆ ಕೆಲವೊಮ್ಮೆ ಬಾಗಿಲಲ್ಲಿ ಏನೂ ಕೇಳುವುದಿಲ್ಲ.

ಇವರನ್ನು ಕೀಳಾಗಿ ನೋಡುವವರಿದ್ದಾರೆ. ನಾನು ಆ ಗುಂಪಿನವನಲ್ಲ. ಮೂರು ಜನ, ಕಡಿಮೆ ಎತ್ತರದ ಸೀಲಿಂಗ್, ಎರಡು ಅಡಿ ದೂರದಲ್ಲಿ ಆಂಪ್ಲಿಫೈಯರ್. 1977ರಲ್ಲಿ ಈ ಹಾಡುಗಳು ಹುಟ್ಟಿದ್ದು ಇಂಥ ಜಾಗಗಳಲ್ಲೇ. ‘ಇನ್ ದ ಸಿಟಿ’ ಥರದ ಎರಡು ನಿಮಿಷದ ಹಾಡಿಗೆ ದೊಡ್ಡ ಅರೀನಾಗಿಂತ ಪಬ್ಬಿನ ಹಿಂದಿನ ಕೋಣೆ ಚೆನ್ನಾಗಿ ಒಪ್ಪುತ್ತದೆ.

ಆದರೆ ಗುಣಮಟ್ಟ ಏರುಪೇರು. ಹೋಗುವ ಮುಂಚೆ ಯೂಟ್ಯೂಬ್‌ನಲ್ಲಿ ಎರಡು ವಿಷಯ ನೋಡಿಕೊಳ್ಳಿ. ‘ಟ್ಯೂಬ್ ಸ್ಟೇಷನ್’ ಹಾಡಿನ ಬಾಸ್, ಆಮೇಲೆ ಸೂಟು. ಸೂಟು ಜೋರಾಗಿದ್ದು ಬಾಸ್ ಸಪ್ಪೆಯಾಗಿದ್ದರೆ ಅದು ವೇಷದ ಬ್ಯಾಂಡ್. ಇನ್ನೊಂದು ಮಾತು. 1982ರ ‘ದ ಗಿಫ್ಟ್’ ಆಲ್ಬಮ್ಮಿಗೆ ದ ಜಾಮ್ ಸ್ಯಾಕ್ಸೊಫೋನ್, ಟ್ರಂಪೆಟ್ ಸೇರಿಸಿಕೊಂಡಿತ್ತು. ಮೂರೇ ಜನ ‘ಪ್ರೆಶಸ್’ ನುಡಿಸಲು ಹೊರಟರೆ ಬಡಕಲಾಗಿ ಕೇಳುತ್ತದೆ. ಮೊದಲ ನಾಲ್ಕು ಆಲ್ಬಮ್ ನಿಮಗಿಷ್ಟ ಅಂದರೆ ಪಬ್ ಬ್ಯಾಂಡ್ ಸಾಕು. ಕೊನೆಯ ವರ್ಷದ ಸೋಲ್ ಹಾಡುಗಳು ಇಷ್ಟ ಅಂದರೆ ಕೀಬೋರ್ಡ್ ಆದರೂ ಇರುವ ತಂಡ ಹುಡುಕಿ.

ರೆಕಾರ್ಡಿಂಗ್: ಮೂವರೂ ಸಿಗುವ ಒಂದೇ ಜಾಗ

ಅದೇ ಮೂವರು, ಅದೇ ವಯಸ್ಸು, ಅದೇ ವೇಗ ಬೇಕೇ ಬೇಕು ಅನ್ನುವವರಿಗೆ ಬೇರೆ ದಾರಿ ಇಲ್ಲ. ಆದರೆ ಇಲ್ಲೂ ಆಯ್ಕೆ ಇದೆ.

‘ಡಿಗ್ ದ ನ್ಯೂ ಬ್ರೀಡ್’ 1982ರ ಡಿಸೆಂಬರಿನಲ್ಲಿ, ಬ್ಯಾಂಡ್ ಒಡೆಯುತ್ತಿದ್ದ ಹೊತ್ತಿಗೇ ಬಂತು. ಐದು ವರ್ಷಗಳ ಬೇರೆ ಬೇರೆ ಶೋಗಳಿಂದ ಆರಿಸಿದ 14 ಹಾಡು. ಹಳೆಯ ಎಲ್‌ಪಿ ಸುಲಭವಾಗಿ, ಅಗ್ಗಕ್ಕೆ ಸಿಗುತ್ತದೆ. ನೆನಪಿನ ಕಾಣಿಕೆಯಾಗಿ ಚೆನ್ನಾಗಿದೆ. ಆದರೆ ತುಂಡು ತುಂಡು. ಒಂದು ರಾತ್ರಿ ಹೇಗೆ ಶುರುವಾಗಿ ಹೇಗೆ ಕಾವೇರುತ್ತಿತ್ತು ಅನ್ನುವುದು ಇದರಲ್ಲಿ ಸಿಗುವುದಿಲ್ಲ.

ಅದು ಸಿಗುವುದು 2015ರಲ್ಲಿ ಬಂದ ‘ಫೈರ್ ಆ್ಯಂಡ್ ಸ್ಕಿಲ್’ ಪೆಟ್ಟಿಗೆಯಲ್ಲಿ. ವೆಲ್ಲರ್ ತಮ್ಮ ಆಂಪ್ಲಿಫೈಯರ್ ಮೇಲೆ ಬರೆಸಿಕೊಂಡಿದ್ದ ಮಾತೇ ಇದರ ಹೆಸರು. ಆರು ಸಿಡಿ, 1977ರಿಂದ 1982ರವರೆಗೆ ವರ್ಷಕ್ಕೊಂದು ಶೋ. ಮೊದಲನೆಯದು ಆಕ್ಸ್‌ಫರ್ಡ್ ಸ್ಟ್ರೀಟಿನ 100 ಕ್ಲಬ್. ನೆಲಮಾಳಿಗೆಯ ಆ ಪುಟ್ಟ ಕ್ಲಬ್ ಇಂದಿಗೂ ನಡೆಯುತ್ತಿದೆ, ಬೇಕಾದರೆ ಹೋಗಿ ನಿಂತು ಬರಬಹುದು. 1978ರದು ಕ್ಯಾಮ್ಡನ್‌ನ ಮ್ಯೂಸಿಕ್ ಮಷೀನ್, ಈಗಿನ ಕೋಕೊ. 1981ರ ಶೋ ನಡೆದ ಹ್ಯಾಮರ್‌ಸ್ಮಿತ್ ಪ್ಯಾಲೆಯನ್ನು ಕೆಡವಿದ್ದಾರೆ. ಕೊನೆಯದು ವೆಂಬ್ಲಿ ಅರೀನಾ, 1982ರ ಡಿಸೆಂಬರ್.

ನನ್ನ ಮತ 1980ರ ನ್ಯೂಕ್ಯಾಸಲ್ ಸಿಟಿ ಹಾಲ್ ಶೋಗೆ. ಅಕ್ಟೋಬರಿನಲ್ಲಿ ನಡೆದದ್ದು. ‘ಸೌಂಡ್ ಅಫೆಕ್ಟ್ಸ್’ ಆಲ್ಬಮ್ ಅಂಗಡಿಗೆ ಬರಲು ಇನ್ನೂ ಒಂದು ತಿಂಗಳಿತ್ತು. ಜನ ಕೇಳಿಯೇ ಇರದ ಹಾಡುಗಳನ್ನು ಇವರು ಅವರ ಮುಖಕ್ಕೆ ಎಸೆಯುತ್ತಾರೆ. ಮೂರೇ ಜನ, ಇನ್ನೂ ಕೀಬೋರ್ಡ್ ಬಂದಿಲ್ಲ, ಆದರೆ 1977ರ ಒರಟುತನ ಹೋಗಿ ಕೈ ಪಳಗಿದೆ. ವೆಂಬ್ಲಿ ಹೊತ್ತಿಗೆ ಕೀಬೋರ್ಡ್, ಹಿನ್ನೆಲೆ ಗಾಯಕಿಯರು ಎಲ್ಲ ಸೇರಿಕೊಂಡಿರುತ್ತಾರೆ. ಅದು ಬೇರೆಯದೇ ಬ್ಯಾಂಡ್, ಸ್ಟೈಲ್ ಕೌನ್ಸಿಲ್ ಕಡೆಗೆ ಆಗಲೇ ಅರ್ಧ ದಾರಿ ನಡೆದಿರುವ ಬ್ಯಾಂಡ್.

ಕೊರತೆ ಏನು ಅಂತ ಹೇಳಬೇಕಾಗಿಲ್ಲ. ಹೆಡ್‌ಫೋನ್‌ನಲ್ಲಿ ಪಕ್ಕದವರ ಬೆವರು ತಾಗುವುದಿಲ್ಲ.

ಹಾಗಾದರೆ ಯಾರಿಗೆ ಯಾವುದು

ಇಂಗ್ಲೆಂಡಿನಲ್ಲಿ ನಿಮಗಿರುವುದು ಒಂದೇ ಬಿಡುವಿನ ಸಂಜೆ, ತಲೆಯಲ್ಲಿ ಇರುವುದು ಹಾಡುಗಳು ಅಂದರೆ ಫ್ರಮ್ ದ ಜಾಮ್. ಫಾಕ್ಸ್‌ಟನ್ ಇರುವುದು ಖಾತ್ರಿಯಾದರೆ ಎರಡನೇ ಯೋಚನೆ ಬೇಡ. ಇಲ್ಲ ಅಂತಾದರೆ, ಮತ್ತು ಅದೇ ವಾರ ನಿಮ್ಮ ಊರಿನ ಹತ್ತಿರ ಒಳ್ಳೆಯ ಟ್ರಿಬ್ಯೂಟ್ ಬ್ಯಾಂಡ್ ಇದ್ದರೆ, ಅರ್ಧ ದುಡ್ಡಿನಲ್ಲಿ ಮುಗಿಸಿ ಮಿಕ್ಕಿದ್ದರಲ್ಲಿ ಎಲ್‌ಪಿ ತಗೊಳ್ಳಿ.

ನಿಮ್ಮನ್ನು ಹಿಡಿದಿರುವುದು ಆ ಮನುಷ್ಯನೇ, ಆತ ಬರೆಯುವ ರೀತಿ, ಬದಲಾಗುತ್ತಾ ಹೋದ ರೀತಿ ಅಂದರೆ ವೆಲ್ಲರ್ ಶೋಗೆ ಹೋಗಿ. ಆದರೆ ಹೋಗುವ ಮುಂಚೆ ಅವರ ಹೊಸ ಆಲ್ಬಮ್ ಎರಡನ್ನಾದರೂ ಕೇಳಿಕೊಂಡು ಹೋಗಿ. ಇಲ್ಲದಿದ್ದರೆ ಒಂದೂವರೆ ಗಂಟೆ ಸುಮ್ನೆ ನಿಂತು ‘ಮ್ಯಾಲಿಸ್’ಗೆ ಕಾಯುವ ಪಾಡಾಗುತ್ತದೆ. ಅಂಥವರು ಪ್ರತಿ ಶೋನಲ್ಲೂ ಇರುತ್ತಾರೆ, ಹಳೇ ಹಾಡು ಹಾಡು ಅಂತ ಕೂಗಿ ಉಳಿದವರ ತಲೆ ತಿನ್ನುತ್ತಾರೆ. ಅಂದಹಾಗೆ, 2010ರ ಮೇ ತಿಂಗಳಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಫಾಕ್ಸ್‌ಟನ್ ಅವರೇ ವೆಲ್ಲರ್ ವೇದಿಕೆಗೆ ಬಂದು ನುಡಿಸಿದ್ದರು, 28 ವರ್ಷಗಳ ನಂತರ. ಮತ್ತೆ ಹಾಗಾಗಬಹುದು ಅನ್ನುವ ಆಸೆಯಿಂದ ಟಿಕೆಟ್ ಕೊಳ್ಳಬೇಡಿ.

ಮಕ್ಕಳನ್ನು ಕರೆದೊಯ್ಯುವವರು ಹಾಲ್‌ನ ವಯಸ್ಸಿನ ನಿಯಮ ನೋಡಿ. ನಿಂತು ನೋಡುವ ಜಾಗಕ್ಕೆ ಚಿಕ್ಕವರನ್ನು ಬಿಡದ ಹಾಲ್‌ಗಳಿವೆ. ಊರಿನ ಥಿಯೇಟರ್‌ನಲ್ಲಿ ನಡೆಯುವ ಟ್ರಿಬ್ಯೂಟ್ ಶೋಗೆ ಸೀಟಿರುತ್ತದೆ, ಬೇಗ ಮುಗಿಯುತ್ತದೆ.

ಬೆಂಗಳೂರು, ಮೈಸೂರಿನಲ್ಲಿದ್ದು ಮುಂದಿನ ವರ್ಷವೋ ಯಾವಾಗಲೋ ಹೋಗುವವರು ಈಗಲೇ ತಲೆ ಕೆಡಿಸಿಕೊಳ್ಳುವುದು ಬೇಡ. ಮೊದಲು ನ್ಯೂಕ್ಯಾಸಲ್ ಶೋ ಕೇಳಿ. ಆಮೇಲೆ 2001ರ ‘ಡೇಸ್ ಆಫ್ ಸ್ಪೀಡ್’ ಕೇಳಿ. ವೆಲ್ಲರ್ ಒಬ್ಬರೇ ಅಕೂಸ್ಟಿಕ್ ಗಿಟಾರ್ ಹಿಡಿದು ಹಾಡಿದ ಲೈವ್ ಆಲ್ಬಮ್ ಅದು, ‘ದಟ್ಸ್ ಎಂಟರ್‌ಟೇನ್‌ಮೆಂಟ್’, ‘ಇಂಗ್ಲಿಷ್ ರೋಸ್’, ‘ಟೌನ್ ಕಾಲ್ಡ್ ಮ್ಯಾಲಿಸ್’ ಮೂರೂ ಅದರಲ್ಲಿವೆ. ಒಂದು ತಿಂಗಳು ಬಿಟ್ಟು ನೋಡಿ. ನ್ಯೂಕ್ಯಾಸಲ್ ಕಡೆಗೇ ಕೈ ಹೋಗುತ್ತಿದ್ದರೆ ಫ್ರಮ್ ದ ಜಾಮ್ ಟಿಕೆಟ್ ತಗೊಳ್ಳಿ, ಇನ್ನೊಂದರ ಕಡೆಗಾದರೆ ವೆಲ್ಲರ್ ಟಿಕೆಟ್.